ಎಡಕ್ಕೆ ಹನ್ನೆರಡು

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಶೆಡ್ಡಿನ ಬೂದು ನೆಲದ ಮೇಲೆ ಮಂಡಿಯೂರಿ ಟೇಪಕ್ಕ ಪಿಕಪ್ಪಿನ ಹಿಂದಿನ ಎಡಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದಳು. ಎದ್ದು ಬಲಕ್ಕೆ ಹೋಗಿ ಅಲ್ಲೂ ಹಿಡಿದಳು. ಮತ್ತೆ ಎಡಕ್ಕೆ ಬಂದಳು. ಮತ್ತೆ ಬಲಕ್ಕೆ ಹೋದಾಗ ಅವಳ ಮುಖ ನೋಡಿದ ತಮ್ಮ, ಕೈಯಲ್ಲಿದ್ದ ಚಹಾ ಲೋಟವನ್ನು ಸದ್ದಾಗದಂತೆ ಟೂಲ್‌ಪೆಟ್ಟಿಗೆಯ ಮೇಲಿಟ್ಟ.

"ಹದಿನಾರು ಮಿಲಿಮೀಟರ್," ಎಂದಳು. "ಎಡಕ್ಕೆ ಹದಿನಾರು ಮಿಲಿಮೀಟರ್ ಕುಸಿದು ಕೂತಿದೆ."

ಅವಳಿಗೆ ಟೇಪಕ್ಕ ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಟೇಪು ಸೊಂಟದಲ್ಲಿ ಇಲ್ಲದ ದಿನ ಅವಳಿಗೆ ಮೈಮೇಲೆ ಬಟ್ಟೆಯೇ ಇಲ್ಲದಂತೆ ಅನಿಸುತ್ತಿತ್ತು. ಮನೆಯಲ್ಲಿ ಮೇಜು ಜರುಗಿಸಬೇಕಾದರೂ ಅಳೆದೇ ಜರುಗಿಸುವವಳು.

ಗಾಡಿ ದನದ ಡಾಕ್ಟರಮ್ಮನದು. ಗುಡ್ಡದ ಮೇಲಿನ ಹುಲ್ಲುಗಾವಲುಗಳಿಗೆ ಹೋಗಿಬರುವುದು ಅವರ ಕೆಲಸ. ಅಲ್ಲಿಗೆ ದಾರಿ ಎನ್ನುವುದು ಬಾಯಿಮಾತಿಗೆ ಮಾತ್ರ. ಬಂಡೆ, ಕೊರಕಲು, ನಡುವೆ ಒಂದು ಹಳ್ಳ. ಹೋಗುವಾಗ ಔಷಧಿ ಪೆಟ್ಟಿಗೆ, ಬರುವಾಗ ಕೆಲವೊಮ್ಮೆ ಕಾಲು ಮುರಿದು ಮಲಗಿದ ಹಸು. ಅದಕ್ಕೆಂದೇ ಹಳೆಯ ಪಿಕಪ್ಪೊಂದನ್ನು ಚಾಸಿಯವರೆಗೆ ಬಿಚ್ಚಿ, ಎತ್ತರಿಸಿ, ದೊಡ್ಡ ಟೈರು ಹಾಕಿ, ಹಿಂದೆ ಮುಂದೆ ಹೊಸ ಕಮಾನು ಪ್ಲೇಟುಗಳನ್ನು ಕೂರಿಸಿದ್ದರು. ಪ್ಲೇಟುಗಳನ್ನು ಚಾಸಿಗೆ ಹಿಡಿದಿಡುವುದು ಬ್ರಾಕೆಟ್ಟುಗಳು, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಅವನ್ನು ಬೆಸೆದವನು ಮಾವ, ಟೇಪಕ್ಕನ ತಾಯಿಯ ತಮ್ಮ. ಅವಳು ಹುಟ್ಟುವ ಮೊದಲಿನಿಂದಲೂ ಆ ಶೆಡ್ಡಿನಲ್ಲಿ ವೆಲ್ಡಿಂಗ್ ಹೋಲ್ಡರ್ ಹಿಡಿದವನು. ಈಗೊಂದು ವರ್ಷದಿಂದ ಅವನ ಕಣ್ಣುಗಳಿಗೆ ಪೊರೆ ಬರುತ್ತಿತ್ತು.

"ಹೊಸ ಪ್ಲೇಟಲ್ವಾ ಅಕ್ಕಾ," ತಮ್ಮ ಎಂದ. "ಒಂದು ಸಲ ಲೋಡ್ ಹಾಕಿ ಓಡಿಸಿದ್ರೆ ಕೂತ್ಕೊಳ್ಳುತ್ತೆ." ಗಿರಾಕಿಗಳ ಜೊತೆ ಮಾತಾಡುವುದು, ಸಾಮಾನು ತರಿಸುವುದು, ಮುಗಿದ ಗಾಡಿಯ ಫೋಟೋ ತೆಗೆಯುವುದು ಅವನ ಪಾಲಿನ ಕೆಲಸ. ಗಾಡಿಯ ಕೆಳಗೆ ಅವನು ಮಲಗಿದ್ದನ್ನು ಕಂಡವರಿರಲಿಲ್ಲ.

"ಕೂತ್ಕೊಂಡ್ರೆ ಎರಡೂ ಕಡೆ ಕೂತ್ಕೊಳ್ಳುತ್ತೆ ಕಣೋ. ಒಂದೇ ಕಡೆ ಕೂತು ಇನ್ನೊಂದು ಕಡೆ ನಿಂತ್ಕೊಳ್ಳೋಕೆ ಅದೇನು ಬಸ್ಸಾ?"

ಅವಳು ಬೆನ್ನ ಮೇಲೆ ಮಲಗಿ ಗಾಡಿಯ ಕೆಳಗೆ ಜಾರಿದಳು. ಕೈಗೆ ಮೊದಲು ಸಿಕ್ಕಿದ ಎಡಗಡೆಯ ಬ್ರಾಕೆಟ್ಟಿಗೆ ಟೇಪು ತಾಗಿಸಿದಳು. ಪ್ಲೇಟಿನ ಪಿನ್ನು ಕೂರುವ ತೂತು ಇರಬೇಕಾದ್ದಕ್ಕಿಂತ ಒಂದು ಸೆಂಟಿಯಷ್ಟು ಮೇಲಿತ್ತು. ಬ್ರಾಕೆಟ್ಟು ಮೇಲೆ ಹೋದಷ್ಟೂ ಗಾಡಿಯ ಮೈ ಆ ಕಡೆ ಕೆಳಗಿಳಿಯುತ್ತದೆ. ಅಷ್ಟು ಸಾಕಾಯಿತು. ಬೇರೆ ದಿನವಾಗಿದ್ದರೆ ಉಳಿದ ಮೂರನ್ನೂ ಅಳೆಯದೆ ಅವಳು ಹೊರಗೆ ಬರುತ್ತಿರಲಿಲ್ಲ. ಅಂದು ಕೋಪ ಟೇಪಿಗಿಂತ ಮುಂದೆ ಓಡಿತ್ತು.

"ಮಾವ, ಸ್ವಲ್ಪ ಇಲ್ಲಿ ಬನ್ನಿ."

ಹಿಂದಿನ ಕೋಣೆಯ ಬಾಗಿಲಲ್ಲಿ ಮಾವ ಕಾಣಿಸಿಕೊಂಡ. ಆ ಕೋಣೆಯಲ್ಲೇ ಅವನ ಮಂಚ, ಅವನ ಒಂದೇ ಕುರ್ಚಿ. ಮದುವೆಯಾಗಿರಲಿಲ್ಲ. ಹೋಲ್ಡರ್ ಬಿಟ್ಟರೆ ಬೆಳಿಗ್ಗೆ ಏಳಲು ಅವನಿಗೆ ಬೇರೆ ಕಾರಣವೂ ಇರಲಿಲ್ಲ. "ಬನ್ನಿ?" ಎಂದು ಹುಬ್ಬೇರಿಸಿದ. ಎತ್ತಿ ಆಡಿಸಿದ ಸೊಸೆ ಎಂದೂ ಅವನನ್ನು ಹಾಗೆ ಕರೆದವಳಲ್ಲ.

"ಬ್ರಾಕೆಟ್ ಒಂದು ಸೆಂಟಿ ಮೇಲೆ ಹೋಗಿದೆ. ನಾನು ಹಾಕಿದ ಗೀಟು ನಿಮಗೆ ಕಾಣಿಸ್ಲಿಲ್ವಾ?"

"ಗೀಟಿನ ಮೇಲೇ ಹಾಕಿದೀನಿ."

"ಗೀಟಿನ ಮೇಲೆ ಹಾಕಿದ್ರೆ ಗಾಡಿ ಯಾಕೆ ವಾಲುತ್ತೆ?"

"ಗೀಟು ಹಾಕಿದೋಳು ನೀನು. ನನ್ನ ಕೇಳಿದ್ರೆ?"

ಸೀಮೆಸುಣ್ಣದ ಗೀಟು ಬೆಸುಗೆಯ ಕಾವಿಗೆ ಎಂದೋ ಸುಟ್ಟುಹೋಗಿತ್ತು. ಸಾಕ್ಷಿ ಇಲ್ಲದ ಜಗಳ ಬೇಗ ಬೆಳೆಯುತ್ತದೆ.

"ಪೊರೆ ತೆಗೆಸ್ಕೊಳ್ಳಿ ಅಂತ ಬಡ್ಕೊಂಡೆ. ಕೇಳಿದ್ರಾ? ಕಿವಿಗೂ ಬಂದಿದೆಯಾ ಪೊರೆ?"

"ನಿನ್ನ ನಾಲಿಗೆಗೆ ಒಂಚೂರು ಬಂದಿದ್ರೆ ಚೆನ್ನಾಗಿತ್ತು."

"ಸಾಕು. ಇವತ್ತಿಂದ ಹೋಲ್ಡರ್ ಮುಟ್ಟಬೇಡಿ. ನಿಮ್ಮ ಕಣ್ಣು ನಂಬ್ಕೊಂಡು ಇನ್ನೊಬ್ಬರ ಜೀವಾನ ಗುಡ್ಡ ಹತ್ತಿಸೋಕೆ ನನ್ನಿಂದ ಆಗಲ್ಲ. ಬೇರೆ ವೆಲ್ಡರ್‌ನ ಕರೆಸ್ತೀನಿ."

ಆಗಲೇ ಬಾಗಿಲ ಬಳಿ ಯಾರೋ ಕೆಮ್ಮಿದರು. ಡಾಕ್ಟರಮ್ಮ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಗಾಡಿ ನೋಡಿಹೋಗೋಣವೆಂದು ಗಮ್‌ಬೂಟಿನಲ್ಲೇ ಬಂದಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಾವನ ಕಡೆ ನೋಡದೆ, "ನನಗೆ ಸೋಮವಾರ ಗಾಡಿ ಬೇಕು," ಎಂದರು. "ವಾಲಿದ್ರೆ ಆಗಲ್ಲ. ಮಲಗಿದ ಹಸು ಒಂದು ಕಡೆಗೆ ಜಾರಿದ್ರೆ ಮತ್ತೆ ಏಳಲ್ಲ." ಅಷ್ಟು ಹೇಳಿ ಹೊರಟುಹೋದರು.

ಮಾವನ ಮುಖ ಹೊತ್ತಿಕೊಂಡಿತು. ಮನೆಯೊಳಗೆ ಬೈಸಿಕೊಳ್ಳುವುದು ಬೇರೆ, ಗಿರಾಕಿಯ ಎದುರು ಬೈಸಿಕೊಳ್ಳುವುದು ಬೇರೆ.

"ಗಾಡಿ ಹತ್ತಿ," ಟೇಪಕ್ಕ ಎಂದಳು. "ಲೋಡ್ ಹಾಕಿ ಓಡಿಸಿ ನೋಡೋಣ. ಬೆಸೆದವನು ಪಕ್ಕದಲ್ಲಿ ಕೂರಬೇಕು ಅಂತ ಅಪ್ಪ ಮಾಡಿದ ಕಟ್ಟಳೆ. ಇದೊಂದು ಸಲ ಕೂತ್ಬಿಡಿ."

ಅದು ಶೆಡ್ಡಿನ ಹಳೆಯ ಕಟ್ಟಳೆ. ಯಾವ ಗಾಡಿಯೂ ಮೊದಲ ಸಲ ಬಂಡೆ ಹತ್ತುವಾಗ ಅದನ್ನು ಬೆಸೆದವನು ಚಾಲಕನ ಪಕ್ಕದಲ್ಲಿರಬೇಕು. ತನ್ನ ಕತ್ತೂ ಅದರೊಳಗಿರುತ್ತದೆ ಎಂದು ಗೊತ್ತಿದ್ದರೆ ಕೈ ಅಲುಗುವುದಿಲ್ಲ ಎನ್ನುತ್ತಿದ್ದರು ಅಪ್ಪ. ಈಗ ಅವರು ಎರಡೂ ಮಂಡಿಗೆ ಆಪರೇಷನ್ ಮಾಡಿಸಿಕೊಂಡು ಮನೆಯ ಮಹಡಿಯಲ್ಲಿ ಮಲಗಿದ್ದರು. ಕಟ್ಟಳೆ ಮಾತ್ರ ಕೆಳಗೆ ಓಡಾಡಿಕೊಂಡಿತ್ತು.

ಮಾವ ಹತ್ತಿ ಕೂತ. ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡನೆಂದರೆ ಒಳಗಿನ ಕನ್ನಡಿ ತಿರುಗಿ ನಿಂತಿತು.

*

ಊರು ದಾಟಿ ಹಳೆಯ ಕಲ್ಲುಗಣಿಯ ಹಿಂದಿನಿಂದ ದಾರಿ ಏರುತ್ತಿತ್ತು. ಹಿಂದೆ ಒಂದು ಹಸುವಿನ ತೂಕಕ್ಕೆ ಮರಳು ಚೀಲಗಳನ್ನು ಹೇರಿ ಹಗ್ಗ ಬಿಗಿದಿದ್ದರು. ಎಂಜಿನ್ನು ಚೆನ್ನಾಗಿತ್ತು. ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ಮೊದಲ ಕೊರಕಲನ್ನು ಓರೆಯಾಗಿ ದಾಟುವಾಗ ಒಂದು ಚಕ್ರ ಮೇಲೆದ್ದು ಇನ್ನೊಂದು ಕೆಳಗಿಳಿದು, ಮೈ ಅಷ್ಟಾಗಿ ಕುಲುಕದೆ ಗಾಡಿ ದೊಡ್ಡ ಪ್ರಾಣಿಯಂತೆ ಹೆಜ್ಜೆ ಹಾಕಿತು. ಬೇರೆ ದಿನವಾದರೆ ಅವಳು ಸ್ಟೇರಿಂಗಿಗೆ ಒಂದು ಏಟು ಹಾಕಿ "ಭೇಷ್" ಎನ್ನುತ್ತಿದ್ದಳು. ಈಗ ಅವಳ ಕಿವಿ ಎಡಕ್ಕೇ ನೆಟ್ಟಿತ್ತು. ಪ್ರತಿ ಗುಂಡಿಗೂ ಹಿಂದಿನ ಎಡ ಮೂಲೆಯಲ್ಲಿ ಟೈರು ತಗಡಿಗೆ ಉಜ್ಜುವ ಸದ್ದು.

"ಕೇಳಿಸ್ತಾ?"

"ಕಿವಿಗೆ ಪೊರೆ ಬಂದಿದೆ."

"ಮಾವ, ನಾನು ತಮಾಷೆ ಮಾಡ್ತಿಲ್ಲ."

"ನಾನೂ ಮಾಡ್ತಿಲ್ಲ. ಬೈಯೋದಾದ್ರೆ ನೆಟ್ಟಗೆ ಬೈ. ಈ 'ಬನ್ನಿ', 'ಹತ್ತಿ', 'ಕೂರಿ' ಬೇಡ. ಬ್ಯಾಂಕಿಗೆ ಬಂದ ಹಾಗಿದೆ."

ಅವಳು ಗೇರು ಬದಲಿಸಿದಳು. ಮನಸ್ಸಿನಲ್ಲಿ ಬ್ರಾಕೆಟ್ಟು ಕೂರಿಸಿದ ದಿನದ ಕೆಲಸವನ್ನು ಮತ್ತೆ ಒಂದೊಂದಾಗಿ ನಡೆಸಿ ನೋಡಿದಳು. ಬರಿಯ ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿ, ಅಡ್ಡಡ್ಡ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೆ ಸರಿಮಾಡಿದ್ದಳು. ಆಮೇಲೆ ನೆಲದಿಂದ ಮೇಲಕ್ಕೆ ಅಳೆದು ಬ್ರಾಕೆಟ್ಟುಗಳಿಗೆ ಗೀಟು ಹಾಕಿದ್ದಳು. ಹಳೆಯ ಚಾಸಿ ಅಲ್ಲಲ್ಲಿ ಬಾಗಿರುತ್ತದೆ, ಅದರಿಂದಲೇ ಅಳೆದರೆ ಅದರ ಸುಳ್ಳೂ ಅಳತೆಯೊಳಗೆ ಸೇರಿಬಿಡುತ್ತದೆ. ಅದಕ್ಕೇ ನೆಲದಿಂದ ಅಳೆಯುವುದು. ಶೆಡ್ಡಿನ ನೆಲ ಎಡಕ್ಕೆ ಹನ್ನೆರಡು ಮಿಲಿಮೀಟರ್ ತಗ್ಗು. ಅಪ್ಪ ನೆಲ ಹಾಕಿಸಿದ ದಿನವೇ ಆದ ಎಡವಟ್ಟು. ಅಪ್ಪ ಅದನ್ನು ಸರಿಮಾಡಿಸಲಿಲ್ಲ. "ನೆಲ ಹೇಳೋದು ಒಂದೇ ಸುಳ್ಳು, ಅದೂ ಗೊತ್ತಿರೋ ಸುಳ್ಳು. ಎಡಕ್ಕೆ ಹನ್ನೆರಡು ಕೂಡಿಸಿದ್ರೆ ಮುಗೀತು," ಎನ್ನುತ್ತಿದ್ದರು. ಮನೆಯಲ್ಲಿ ಅದು ಗಾದೆಯೇ ಆಗಿತ್ತು. ಯಾರಾದರೂ ಹತ್ತು ನಿಮಿಷದಲ್ಲಿ ಬರುತ್ತೇನೆ ಎಂದರೆ ಅಮ್ಮ "ಹನ್ನೆರಡು ಕೂಡಿಸ್ಕೋ" ಎನ್ನುತ್ತಿದ್ದಳು. ಟೇಪಕ್ಕ ಕೂಡಿಸಿದ್ದಳು. ಮರೆತಿರಲಿಲ್ಲ. ನಾಲ್ಕೂ ಕಡೆ ಕೂಡಿಸಿದ್ದು ಕೈಗೆ ನೆನಪಿತ್ತು. ಹಾಗಾದರೆ ತಪ್ಪು ಮಾವನದೇ. ಮತ್ತೆ ರಕ್ತ ಬಿಸಿಯಾಯಿತು.

ಮೇಲೆ ಹೋಗಿ ತಿರುಗಿಸಿಕೊಂಡು ಇಳಿಯುವಾಗ ಆದದ್ದಾಯಿತು. ಹಳ್ಳಕ್ಕೆ ಸ್ವಲ್ಪ ಮೊದಲು ದಾರಿ ಎಡಕ್ಕೆ ಹೊರಳಿ ಬಂಡೆಯ ಮೆಟ್ಟಿಲೊಂದನ್ನು ಇಳಿಯುತ್ತದೆ. ಹಿಂದಿನ ಎಡಚಕ್ರ ಧಡ್ ಎಂದು ಬಿತ್ತು. ಮರಳಿನ ತೂಕವೆಲ್ಲ ಆ ಮೂಲೆಗೆ ವಾಲಿತು. ಮಡ್‌ಗಾರ್ಡಿನ ಅಂಚು ಟೈರಿನ ಪಕ್ಕೆಗೆ ಕಚ್ಚಿತು. ಒಂದು ದೀರ್ಘವಾದ ಬುಸ್ ಸದ್ದು. ಗಾಡಿಯ ಹಿಂಭಾಗ ದಾರಿಯಂಚಿನ ಪ್ರಪಾತದ ಕಡೆಗೆ ಒಂದು ಮೊಳ ಜಾರಿ, ಬಂಡೆಗೆ ಆಕ್ಸಲ್ ತಾಗಿ ನಿಂತಿತು.

ಮಾವನ ಕೈ ಡ್ಯಾಶ್‌ಬೋರ್ಡಿನ ಹಿಡಿಯನ್ನು ಬಿಟ್ಟು ಅವಳ ಭುಜ ಹಿಡಿದಿತ್ತು. ಅವಳು ಸರಿಯಿದ್ದಾಳೆಂದು ಗೊತ್ತಾದೊಡನೆ ಕೈ ಹಿಂದಕ್ಕೆಳೆದುಕೊಂಡ.

ಟೈರು ಹರಿದಿದ್ದರೂ ಹೇಗೋ ತೆವಳಿಸಿಕೊಂಡು ಹಳ್ಳದ ದಂಡೆಯ ಸಮತಟ್ಟು ಬಂಡೆಯ ಮೇಲೆ ಗಾಡಿ ನಿಲ್ಲಿಸಿದಳು. ಇಳಿದು ಟೈರು ನೋಡಿದಳು. ಮಚ್ಚಿನಿಂದ ಕಡಿದಂತಿತ್ತು.

"ನೋಡಿದ್ರಾ?" ಅವಳ ಧ್ವನಿ ಬಂಡೆಗಳಿಗೆ ಬಡಿದು ವಾಪಸು ಬಂತು. "ಇನ್ನೊಂದು ಮೊಳ ಜಾರಿದ್ರೆ ಇಬ್ಬರೂ ಕೆಳಗಿರ್ತಿದ್ವಿ. ಗೀಟಿನ ಮೇಲೇ ಹಾಕಿದೀನಿ ಅಂತೀರ! ಬನ್ನಿ ಕೆಳಗೆ. ಒಂದೊಂದೇ ತೋರಿಸ್ತೀನಿ. ನಿಮ್ಮ ಕೈಯಿಂದಲೇ ಟೇಪು ಹಿಡಿಸ್ತೀನಿ."

"ತೋರ್ಸು. ತೋರ್ಸೇಬಿಡು."

ಜಾಕು ಕೊಟ್ಟು, ಚಕ್ರಗಳಿಗೆ ಕಲ್ಲು ಕೊಟ್ಟು ಇಬ್ಬರೂ ಗಾಡಿಯ ಕೆಳಗೆ ಮಲಗಿದರು. ಚಾಸಿಯ ಎರಡೂ ದೂಲಗಳಲ್ಲಿ ಕಾರ್ಖಾನೆಯಲ್ಲೇ ಕೊರೆದ ಜೋಡಿ ತೂತುಗಳಿದ್ದವು. ಚಾಸಿ ಅಷ್ಟಿಷ್ಟು ಬಾಗಿದ್ದರೂ ಎಡ-ಬಲ ಹೋಲಿಸಲು ಅವು ಸಾಕು. ಆ ತೂತಿನಿಂದ ಪಿನ್ನಿನವರೆಗೆ ಬಲಕ್ಕೊಂದು ಅಳತೆ, ಎಡಕ್ಕೊಂದು ಅಳತೆ. ಮಾವ ಟೇಪಿನ ತುದಿ ಹಿಡಿದ. ಅವಳು ಓದಿದಳು.

"ಹಿಂದೆ ಮೊದಲನೇದು, ಹನ್ನೆರಡು ಮೇಲೆ. ಸರಿನಾ?"

"ನೀನು ಓದ್ತಿದೀಯ. ಸರಿ."

"ಎರಡನೇದು, ಹದಿಮೂರು."

ಮುಂದಕ್ಕೆ ತೆವಳಿದರು. ಮಾವನ ಉಸಿರು ಏರಿಳಿಯುತ್ತಿತ್ತು. ಬೆನ್ನಿಗೆ ಬಂಡೆ ಒತ್ತುತ್ತಿತ್ತು.

"ಮೂರನೇದು, ಹನ್ನೆರಡು." ಅವಳ ಧ್ವನಿ ತಗ್ಗಿತು. "ನಾಲ್ಕನೇದು..."

"ನಾಲ್ಕನೇದು?"

"ಹನ್ನೊಂದು."

ಟೇಪಕ್ಕ ಟೇಪನ್ನು ಎದೆಯ ಮೇಲಿಟ್ಟುಕೊಂಡು ಮೇಲಿದ್ದ ಕಬ್ಬಿಣವನ್ನೇ ನೋಡುತ್ತ ಮಲಗಿದಳು.

ಮಂಜುಗಣ್ಣು ತಪ್ಪು ಮಾಡುತ್ತದೆ, ನಿಜ. ಆದರೆ ಒಂದು ಕಡೆ ಐದು ಮೇಲೆ, ಇನ್ನೊಂದು ಕಡೆ ಏಳು ಕೆಳಗೆ, ಹೀಗೆ ದಿಕ್ಕುದೆಸೆಯಿಲ್ಲದೆ ಮಾಡುತ್ತದೆ. ಬಲಗಡೆಯೂ ಮಾಡಬೇಕಿತ್ತು. ನಾಲ್ಕು ಸಲವೂ ಒಂದೇ ಕಡೆಗೆ, ಒಂದೇ ಅಳತೆಗೆ, ಅದೂ ಎಡಕ್ಕೆ ಮಾತ್ರ ತಪ್ಪಿದ್ದರೆ ಅದು ಕಣ್ಣಿನ ತಪ್ಪಲ್ಲ, ಲೆಕ್ಕದ್ದು. ಹನ್ನೆರಡರ ಆಚೀಚೆ ಅಲುಗಾಡಿದ ಒಂದೊಂದು ಮಿಲಿಮೀಟರ್ ಮಾತ್ರ ಮಾವನ ಕೈಯದು. ಆ ಹನ್ನೆರಡು ಅವಳದು. ಬೆಳಿಗ್ಗೆ ಮಡ್‌ಗಾರ್ಡಿನಲ್ಲಿ ಅದು ಹದಿನಾರಾಗಿ ವೇಷ ಹಾಕಿಕೊಂಡು ನಿಂತಿತ್ತು, ಅಷ್ಟೆ. ಪ್ಲೇಟುಗಳ ನಡುವಿನ ಅಂತರಕ್ಕಿಂತ ಗಾಡಿಯ ಮೈ ಅಗಲ. ಒಳಗಿನ ಸಣ್ಣ ವಾಲು ಹೊರಗೆ ದೊಡ್ಡದಾಗಿ ಕಾಣುತ್ತದೆ. ಇದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಬೈಯುವ ಆತುರದಲ್ಲಿ ಭಾಗಾಕಾರ ಮಾಡಿರಲಿಲ್ಲ.

"ಗೀಟಿನ ಮೇಲೇ ಹಾಕಿದೀಯ," ಅವಳು ಹೇಳಿದಳು.

"ಅದನ್ನೇ ಬೆಳಿಗ್ಗೆಯಿಂದ ಬಡ್ಕೋತಿದೀನಿ."

"ಆದ್ರೆ ನಾನು ಕೂಡಿಸಿದ್ದೂ ಸರಿ ಇದೆ ಮಾವ. ಎಡಕ್ಕೆ ಹನ್ನೆರಡು. ಎಲ್ಲ ಗಾಡಿಗೂ ಕೂಡಿಸಿದೀವಿ. ಕೂಡಿಸಿದ್ದೇ ತಪ್ಪಾಗಬೇಕು ಅಂದ್ರೆ..."

ಬೂದು ನೆಲ ಕಣ್ಣ ಮುಂದೆ ಬಂತು.

ಈ ಗಾಡಿಯ ಕೆಲಸ ಹಿಡಿಯುವ ಸ್ವಲ್ಪ ಮೊದಲು, ಅಪ್ಪನ ಮಂಡಿಯ ಆಪರೇಷನ್ನಿಗೆ ಅವಳು ಆಸ್ಪತ್ರೆಯಲ್ಲಿದ್ದಾಗ ತಮ್ಮ ನೆಲಕ್ಕೆ ಬಣ್ಣ ಹಾಕಿಸಿದ್ದ. ಧೂಳು ಅಂತ ಮಾವನನ್ನೂ ಆ ದಿನಗಳಲ್ಲಿ ಮನೆಗೆ ಕಳಿಸಿದ್ದ. ವಾಪಸು ಬಂದು ಹೊಳೆಯುವ ನೆಲ ಕಂಡ ಅವಳಿಗೆ ಪಿತ್ತ ನೆತ್ತಿಗೇರಿತ್ತು. ಗ್ರೀಸು ಬೀಳುವ ಜಾಗಕ್ಕೆ ಇದೇನು ಸೋಗು ಎಂದು ಕೂಗಾಡಿದ್ದಳು. "ಅಕ್ಕಾ, ಬಣ್ಣ ಒಂದೇ ಅಲ್ಲ..." ಎಂದು ಅವನು ಬಾಯಿ ತೆರೆದಿದ್ದ. "ಬಣ್ಣ ಒಂದೇ ಅಲ್ಲ ಅಂದ್ರೆ ಇನ್ನೇನು, ಕಿಟಕಿಗೆ ಪರದೆನೂ ಕಟ್ಟಿಸ್ತೀಯಾ?" ಎಂದು ಅವಳೇ ಆ ಬಾಯಿ ಮುಚ್ಚಿಸಿದ್ದಳು.

*

ಚಕ್ರ ಬದಲಿಸಿ, ಮರಳು ಚೀಲಗಳನ್ನು ದಂಡೆಯಲ್ಲೇ ಇಳಿಸಿ, ಆಮೆಯಂತೆ ಶೆಡ್ಡಿಗೆ ಬಂದರು. ಟೇಪಕ್ಕ ಯಾರನ್ನೂ ಮಾತಾಡಿಸದೆ ಡ್ರಾಯರಿನಿಂದ ಬೇರಿಂಗಿನ ಒಂದು ಗುಂಡು ತೆಗೆದಳು. ಚಿಕ್ಕವಳಿದ್ದಾಗ ಅವಳೂ ತಮ್ಮನೂ ಆಡುತ್ತಿದ್ದ ಆಟ ಅದು. ಶೆಡ್ಡಿನ ನಡುವೆ ಗುಂಡು ಬಿಟ್ಟರೆ ತಾನೇ ಉರುಳುತ್ತ ಎಡಗಡೆಯ ಕಂಬಕ್ಕೆ ಹೋಗಿ ಟಣ್ ಎನ್ನುತ್ತಿತ್ತು.

ನಡುವೆ ಗುಂಡು ಇಟ್ಟು ಕೈ ತೆಗೆದಳು. ಗುಂಡು ನಿಂತಲ್ಲೇ ನಿಂತಿತು. ಎಡಕ್ಕೆ ಸ್ವಲ್ಪ ಜರುಗಿಸಿ ಇಟ್ಟಳು. ಅಲ್ಲೂ ಅದು ಅಲುಗಲಿಲ್ಲ.

"ಲೋ," ಎಂದಳು. ತಮ್ಮ ಫೋನು ಜೇಬಿಗಿಟ್ಟ. "ನೆಲ ಮಟ್ಟ ಮಾಡಿಸಿದೀಯಾ?"

"ಹೂಂ. ಬಣ್ಣದೋನು ಹೇಳ್ದ, ಒಂದು ಕಡೆ ತಗ್ಗಿದೆ, ನೀರು ನಿಲ್ಲುತ್ತೆ, ಬಣ್ಣ ಏಳುತ್ತೆ ಅಂತ. ಸಿಮೆಂಟ್ ಹಾಕಿ ಮಟ್ಟ ಮಾಡಿಸ್ದೆ. ಯಾಕೆ?"

"ಯಾಕೆ? ಯಾಕೆ ಅಂತೀಯಾ? ಈ ನೆಲದ ಮೇಲೆ ಹುಟ್ಟಿ ಬೆಳೆದಿದೀಯ! ಅಪ್ಪನ ಹನ್ನೆರಡು ಗೊತ್ತಿಲ್ವಾ ನಿನಗೆ?"

"ಅದು ಅಮ್ಮನ ತಮಾಷೆ ಮಾತಲ್ವಾ..."

"ತಮಾಷೆನಾ? ನಮ್ಮ ಗಾಡಿ ಇವತ್ತು ಬಂಡೆ ಮೇಲಿಂದ ಬೀಳ್ತಿತ್ತು ನಿನ್ನ ತಮಾಷೆಗೆ! ಹೇಳೋಕೆ ಏನಾಗಿತ್ತು ನಿನಗೆ? ನೆಲ ಎತ್ತಿಸಿದೀನಿ ಅಂತ ಎರಡು ಮಾತು, ಬಾಯಲ್ಲಿ ಮುತ್ತು ಉದುರ್ತಿತ್ತಾ?"

ತಮ್ಮನಿಗೂ ಸಿಟ್ಟು ಬಂತು. ಅವನಿಗೆ ಸಿಟ್ಟು ಬರುವುದು ಅಪರೂಪ. ಬಂದಾಗ ಕಿವಿ ಕೆಂಪಾಗುತ್ತದೆ. "ಹೇಳೋಕೆ ಬಂದೆ! ಅವತ್ತೇ ಬಂದೆ! ಬಣ್ಣ ಒಂದೇ ಅಲ್ಲ ಅಂದೆ. ನೀನು ಪರದೆ ಅಂದೆ, ಸೋಗು ಅಂದೆ, ಅಪ್ಪನ ಶೆಡ್ಡು ಹಾಳು ಮಾಡ್ದೆ ಅಂದೆ. ನಿನ್ನ ಮಾತಿನ ಮಧ್ಯೆ ನುಗ್ಗೋಕೆ ಜಾಗ ಎಲ್ಲಿತ್ತು? ಟೇಪು ಹಿಡಿದು ತೋರ್ಸು!"

ಟೇಪಕ್ಕ ಬಾಯಿ ತೆರೆದಳು. ಹಿಂದೆ ಮಾವ ಗೊಗ್ಗರು ದನಿಯಲ್ಲಿ ನಗತೊಡಗಿದ್ದ. ಸಿಟ್ಟು ಬೆರೆತ ನಗೆ.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ನಮ್ಮನೆ ಹುಡುಗಿ ನೋಡು, ನೆಲ ನೆಟ್ಟಗಿದೆ ಅಂತ ಕುಣೀತಿದಾಳೆ."

"ಮಾವ, ನಗಬೇಡ."

"ನಗದೆ ಅಳ್ಲಾ? ಆ ಡಾಕ್ಟರಮ್ಮನ ಮುಂದೆ ನನ್ನ ಕಣ್ಣು ಕಿತ್ತಿಟ್ಟೆಯಲ್ಲ, ಆಗ ಅತ್ತಾಯ್ತು." ನಗು ನಿಂತಿತ್ತು. "ಅವರ ಮುಂದೆ ಅಂದಿದೀಯ. ಅವರಿಗೇ ಹೇಳು. ಈಗಲೇ. ಆಮೇಲೆ ಗ್ರೈಂಡರ್ ಹಿಡಿ."

ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಅಂಟುವುದಿಲ್ಲ ಎನ್ನುತ್ತಾರೆ. ಅವಳು ಫೋನು ತೆಗೆದು ಸ್ಪೀಕರಿಗೆ ಹಾಕಿದಳು. ಆ ಕಡೆ ಹಸುವೊಂದು ಅಂಬಾ ಎನ್ನುತ್ತಿತ್ತು. "ಡಾಕ್ಟರಮ್ಮ, ಗಾಡಿ ವಾಲಿದ್ದು ನನ್ನ ಅಳತೆಯಿಂದ. ಮಾವನ ಬೆಸುಗೆಯಿಂದಲ್ಲ. ಬೆಳಿಗ್ಗೆ ನಾನು ಅಂದಿದ್ದು ತಪ್ಪು." ಪ್ರತಿ ಪದವನ್ನೂ ತುಕ್ಕು ಹಿಡಿದ ಬೋಲ್ಟಿನಂತೆ ತಿರುಚಿ ತಿರುಚಿ ತೆಗೆದಳು.

"ಸರಿ," ಡಾಕ್ಟರಮ್ಮ ಎಂದರು. "ಆದ್ರೆ ಅವರು ಕಣ್ಣು ತೋರಿಸ್ಕೊಳ್ಳೋದು ಒಳ್ಳೇದೇ. ಪೊರೆ ಅಂತೂ ಇದೆ, ಬಾಗಿಲಿಂದಲೇ ಕಾಣ್ತಿತ್ತು."

"ದನದ ಡಾಕ್ಟರು ನನ್ನ ಕಣ್ಣೂ ನೋಡಿದ್ರಾ!" ಮಾವ ಗೊಣಗಿದ. ಆದರೆ ಬೇಡ ಎನ್ನಲಿಲ್ಲ.

ಎಡಗಡೆಯ ನಾಲ್ಕು ಬ್ರಾಕೆಟ್ಟುಗಳನ್ನು ಅವಳೇ ಗ್ರೈಂಡರಿನಿಂದ ಕೊಯ್ದಳು. ಇಡೀ ಮಧ್ಯಾಹ್ನ ಕಿಡಿಗಳು ಹಾರಿದವು. ಒಳಗಿನ ಸಿಟ್ಟೆಲ್ಲ ಕಬ್ಬಿಣಕ್ಕೆ ಹೋಯಿತು ಎಂದೇನೂ ಅಲ್ಲ. ಅರ್ಧ ತಮ್ಮನ ಮೇಲೇ ಉಳಿದಿತ್ತು, ಇನ್ನರ್ಧ ಹೋಗಲು ಜಾಗ ಸಿಗದೆ ಅವಳೊಳಗೇ ಸುತ್ತುತ್ತಿತ್ತು. ಅಪ್ಪನಿಗೆ ಹೇಳಲು ಮಹಡಿಗೆ ಹೋದಾಗ ಅವರು ದಿಂಬಿಗೆ ಒರಗಿ ಕೂತರು. "ಹಾಗಾದ್ರೆ ಇನ್ಮೇಲೆ ಏನೂ ಕೂಡಿಸೋ ಹಾಗಿಲ್ವಾ?" ಎಂದು ಕೇಳಿದರು. ಯಾರೋ ಹಳೆಯ ಸ್ನೇಹಿತ ಊರು ಬಿಟ್ಟು ಹೋದನೆಂಬಂತೆ.

ಹೊಸ ಗೀಟುಗಳನ್ನು ನೆಲದಿಂದಲೇ ಅಳೆದು ಹಾಕಿದಳು, ಏನನ್ನೂ ಕೂಡಿಸದೆ. ಹೋಲ್ಡರನ್ನು ಎತ್ತಿ ಮಾವನ ಮುಂದೆ ಹಿಡಿದಳು. ಅವನು ತಕ್ಷಣ ತೆಗೆದುಕೊಳ್ಳಲಿಲ್ಲ.

"ನಾಳೆ ಗುಡ್ಡಕ್ಕೆ ನಿನ್ನ ತಮ್ಮ ಓಡಿಸ್ತಾನೆ," ಎಂದ. "ನಾನು ಪಕ್ಕದಲ್ಲಿ. ನೀನು ನಮ್ಮಿಬ್ಬರ ಮಧ್ಯೆ."

"ಮಧ್ಯೆ ಸೀಟಿಲ್ಲ ಮಾವ. ಗೇರಿನ ಕೋಲಿದೆ."

"ಅದಕ್ಕೇ ಹೇಳಿದ್ದು. ಬೆಸೆದೋನು ಕೂರಬೇಕು ಅ‌ನ್ನೋ ಕಟ್ಟಳೆ ಸಾಲದು, ಗೀಟು ಹಾಕಿದೋಳೂ ಕೂರಬೇಕು. ಕಷ್ಟಪಟ್ಟು ಕೂರು." ಆಮೇಲೆ ಹೋಲ್ಡರ್ ತೆಗೆದುಕೊಂಡು ಬೆಸೆಯತೊಡಗಿದ.

ಅವಳು ಕೂತಳು. ಭಾನುವಾರ ಅದೇ ದಾರಿ, ದಂಡೆಯಿಂದ ಮತ್ತೆ ಹೇರಿದ ಅದೇ ಮರಳು, ಅದೇ ಬಂಡೆಯ ಮೆಟ್ಟಿಲು. ತಮ್ಮ ಗೇರು ಹಾಕಿದಾಗಲೆಲ್ಲ ಅವಳ ಮಂಡಿಗೆ ಏಟು ಬಿತ್ತು, ಅವಳು ಬೈದಳು, ಅವನು ಬೇಕೆಂದೇ ಇನ್ನೊಮ್ಮೆ ಹಾಕಿದ. ಮೆಟ್ಟಿಲಿನಲ್ಲಿ ಹಿಂದಿನ ಎಡಚಕ್ರ ಧಡ್ ಎಂದು ಬಿತ್ತು. ತಗಡಿಗೆ ಏನೂ ತಾಗಲಿಲ್ಲ. ಗಾಡಿ ತನ್ನ ಪಾಡಿಗೆ ತಾನು ಹಳ್ಳಕ್ಕಿಳಿದು ನೀರು ಸೀಳಿಕೊಂಡು ಆಚೆ ಹತ್ತಿತು.

ಶೆಡ್ಡಿನಲ್ಲಿ ಅವಳು ಮತ್ತೆ ಬೂದು ನೆಲದ ಮೇಲೆ ಮಂಡಿಯೂರಿದಳು. ಎಡಕ್ಕೆ ಹಿಡಿದಳು, ಬಲಕ್ಕೆ ಹಿಡಿದಳು, ಮತ್ತೆ ಎಡಕ್ಕೆ ಬಂದಳು. ಮಾವ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಕುರ್ಚಿಯಲ್ಲಿ ಕೂತಿದ್ದ.

"ವ್ಯತ್ಯಾಸ ಎಷ್ಟಿದ್ರೂ ಈ ಸಲ ಅದು ನಂದು," ಎಂದ. "ಕೂಡಿಸದೆ, ಕಳೀದೆ ಹೇಳು."

ಅವಳು ಟೇಪು ಓದಿದಳು. ಒಂದು ಮಿಲಿಮೀಟರ್.